ಡೆನ್ವರ್‌ನಿಂದ ಕೀಸ್ಟೋನ್‌ಗೆ: ಒಂದೇ ಕಾರು, ಮೂರು ಚಳಿಗಾಲ, ಮೂರು ಬಗೆಯ ಟೈರು

ಮಕ್ಕಳಿಬ್ಬರೂ ಕೀಸ್ಟೋನ್‌ನಲ್ಲಿ ಸ್ಕೀ ಕಲಿಯಲು ಸೇರಿದ ಮೇಲೆ, ಡಿಸೆಂಬರ್‌ನಿಂದ ಮಾರ್ಚ್‌ವರೆಗೆ ಹೆಚ್ಚುಕಡಿಮೆ ಪ್ರತಿ ಶನಿವಾರ ನಸುಕಿನಲ್ಲೇ ಡೆನ್ವರ್‌ನಿಂದ ಹೊರಟು 70ನೆಯ ಅಂತರರಾಜ್ಯ ಹೆದ್ದಾರಿಯಲ್ಲಿ ಬೆಟ್ಟ ಹತ್ತುವುದು ನಮ್ಮ ಮನೆಯ ವಾಡಿಕೆಯಾಗಿದೆ. ನಮ್ಮದು ಮುಂದಿನ ಚಕ್ರಗಳಿಗಷ್ಟೇ ಎಂಜಿನ್ನಿನ ಬಲ ಸಿಗುವ ಸಾಧಾರಣ ಸೆಡಾನ್ ಕಾರು. ಮೂರು ಚಳಿಗಾಲಗಳಲ್ಲಿ ಇದೇ ಕಾರಿಗೆ ಮೂರು ಬಗೆಯ ಟೈರು ಹಾಕಿ ಇದೇ ದಾರಿಯಲ್ಲಿ ಓಡಿಸಿದ್ದೇನೆ. ಹೊಸದಾಗಿ ಕೊಲರಾಡೊಗೆ ಬಂದ ಕನ್ನಡದ ಗೆಳೆಯರು ಪ್ರತಿ ಅಕ್ಟೋಬರ್‌ನಲ್ಲೂ ಇದರ ಬಗ್ಗೆ ಕೇಳುವುದರಿಂದ ಕಂಡದ್ದನ್ನು ವಿವರವಾಗಿ ಬರೆಯುತ್ತಿದ್ದೇನೆ.

ದಾರಿಯ ಸ್ವಭಾವವನ್ನು ಮೊದಲು ಹೇಳಬೇಕು. ಡೆನ್ವರ್ ಇರುವುದು ಸುಮಾರು 1,600 ಮೀಟರ್ ಎತ್ತರದಲ್ಲಿ. ಐಸೆನ್‌ಹೋವರ್ ಸುರಂಗದ ಪಶ್ಚಿಮದ ಬಾಯಿ ಸುಮಾರು 3,400 ಮೀಟರ್ ಎತ್ತರದಲ್ಲಿ. ನಗರದಲ್ಲಿ ರಸ್ತೆ ಒಣಗಿ ಬಿಸಿಲು ಬಿದ್ದಿದ್ದ ದಿನವೂ ಜಾರ್ಜ್‌ಟೌನ್ ದಾಟುತ್ತಲೇ ಹಿಮ ಬೀಳುತ್ತಿದ್ದುದನ್ನು ಎಷ್ಟೋ ಸಲ ನೋಡಿದ್ದೇನೆ. ಸುರಂಗದಿಂದ ಹೊರಬಿದ್ದೊಡನೆ ಸಿಲ್ವರ್‌ಥಾರ್ನ್‌ವರೆಗೆ ಶೇಕಡ 7ರಷ್ಟು ಕಡಿದಾದ ಇಳಿಜಾರು. ಚಾರ್ಮಾಡಿ ಘಾಟಿಯಲ್ಲಿ ಗೇರು ತಗ್ಗಿಸಿ ಎಂಜಿನ್ನಿನ ಹಿಡಿತದಲ್ಲೇ ಇಳಿಯಬೇಕೆಂದು ಅಪ್ಪ ಕಲಿಸಿದ್ದ ಪಾಠ ಇಲ್ಲಿಯೂ ಉಪಯೋಗಕ್ಕೆ ಬರುತ್ತದೆ, ಆದರೆ ಟೈರೇ ನೆಲವನ್ನು ಹಿಡಿಯದಿದ್ದರೆ ಗೇರಿನಿಂದಲೂ ಪ್ರಯೋಜನವಿಲ್ಲ.

ಮಾರಿಸನ್‌ನಿಂದ ಡಾಟ್ಸೆರೊವರೆಗಿನ ಹೆದ್ದಾರಿಗೆ ಸೆಪ್ಟೆಂಬರ್ 1ರಿಂದ ಮೇ 31ರವರೆಗೆ ಹಿಮದಲ್ಲಿ ಜಾರದಂತೆ ಟೈರು, ಸರಪಳಿ ಹೇಗಿರಬೇಕೆಂದು ಹೇಳುವ ಕೊಲರಾಡೊದ ಹಿಡಿತದ ಕಾನೂನು (ಟ್ರಾಕ್ಷನ್ ಲಾ) ಅನ್ವಯಿಸುತ್ತದೆ. ಟೈರಿನ ಕಚ್ಚುಗಳ ಆಳ ಕನಿಷ್ಠ 3/16 ಇಂಚು, ಅಂದರೆ ಸುಮಾರು 4.8 ಮಿಲಿಮೀಟರ್ ಇರಬೇಕು. ಕಾನೂನು ಹೇಳಿದ ಸಾಧನವಿಲ್ಲದೆ ಸಿಕ್ಕಿದರೆ 130 ಡಾಲರಿಗೂ ಹೆಚ್ಚು ದಂಡ. ಅದರಿಂದ ರಸ್ತೆಯೇ ಕಟ್ಟಿಕೊಂಡರೆ 650 ಡಾಲರಿಗೂ ಹೆಚ್ಚು.

ಮೊದಲ ಚಳಿಗಾಲದಲ್ಲಿ ಕಾರಿನೊಂದಿಗೆ ಬಂದಿದ್ದ ಆಲ್-ಸೀಸನ್ ಟೈರುಗಳನ್ನೇ ಉಳಿಸಿಕೊಂಡು, ಡಿಕ್ಕಿಯಲ್ಲಿ ಕಬ್ಬಿಣದ ಸರಪಳಿ ಇಟ್ಟುಕೊಂಡಿದ್ದೆ. ಟೈರಿನ ಪಕ್ಕದಲ್ಲಿ ‘ಎಂ+ಎಸ್’ (ಕೆಸರು ಮತ್ತು ಹಿಮ) ಎಂಬ ಗುರುತು ಇದ್ದುದರಿಂದ ಹಿಮಕ್ಕೂ ಸಾಕೆಂದು ನಂಬಿದ್ದೆ. ಆ ಗುರುತು ಕಚ್ಚುಗಳ ವಿನ್ಯಾಸವನ್ನಷ್ಟೇ ಹೇಳುತ್ತದೆ, ಹಿಮದ ಮೇಲೆ ಓಡಿಸಿ ಪರೀಕ್ಷಿಸಿದ್ದಾರೆಂದು ಅರ್ಥವಲ್ಲ ಎಂಬುದು ಆಮೇಲೆ ತಿಳಿಯಿತು. ಒಂದು ಬೆಳಿಗ್ಗೆ ಸಿಲ್ವರ್ ಪ್ಲೂಮ್ ಬಳಿ ಚಕ್ರಗಳು ನಿಂತಲ್ಲೇ ತಿರುಗತೊಡಗಿದಾಗ, ರಸ್ತೆಯ ಅಂಚಿನಲ್ಲಿ ಮಂಡಿಯೂರಿ ಸರಪಳಿ ಕಟ್ಟಲು ನನಗೆ ನಲವತ್ತು ನಿಮಿಷ ಹಿಡಿಯಿತು. ಪಕ್ಕದಲ್ಲೇ ಲಾರಿಗಳು ಹಾದುಹೋಗುತ್ತಿದ್ದವು, ಹಿಂದಿನ ಸೀಟಿನಲ್ಲಿ ಮಕ್ಕಳಿದ್ದರು. ಆ ಭಯ ಇಂದಿಗೂ ಮನಸ್ಸಿನಿಂದ ಹೋಗಿಲ್ಲ.

ಕಟ್ಟಿದ ಮೇಲೆ ಸರಪಳಿಯ ಹಿಡಿತ ಗಟ್ಟಿಯೇ; ಮಂಜುಗಡ್ಡೆಯನ್ನು ಕಚ್ಚಿ ಹಿಡಿಯುವುದರಲ್ಲಿ ಯಾವ ಟೈರೂ ಅದಕ್ಕೆ ಸಮನಲ್ಲ. ಆದರೆ ಗಂಟೆಗೆ 50 ಕಿಲೋಮೀಟರ್ ಮೀರುವಂತಿಲ್ಲ, ಹಿಮ ಕರಗಿದ ಕಡೆ ಬಿಚ್ಚಲೇಬೇಕು. ಇನ್ನೊಂದು ಮಾತನ್ನು ಅಂಗಡಿಯಲ್ಲಿ ಯಾರೂ ಹೇಳಲಿಲ್ಲ: ಮುಂದಿನ ಎರಡು ಚಕ್ರಗಳಿಗೆ ಮಾತ್ರ ಸರಪಳಿ ಇದ್ದಾಗ ಇಳಿಜಾರಿನಲ್ಲಿ ಬ್ರೇಕು ಹಾಕಿದರೆ, ಮುಂಭಾಗ ನಿಂತು ಹಿಂಭಾಗ ಪಕ್ಕಕ್ಕೆ ಸರಿಯಬಹುದು. ಅದೇ ವರ್ಷ ಟೈರಿಗೆ ತೊಡಿಸುವ, ಬಟ್ಟೆಯ ಚೀಲದಂಥ ಹಿಮಗವಸನ್ನೂ ಪ್ರಯತ್ನಿಸಿದೆ. ಅದನ್ನು ಹತ್ತು ನಿಮಿಷದೊಳಗೆ ಹಾಕಬಹುದು, ಕೈಗೆ ಗಾಯವಾಗದು, ಆದರೆ ಬರಿಯ ಡಾಂಬರಿನ ಮೇಲೆ ಸ್ವಲ್ಪ ದೂರ ಓಡಿದರೂ ಸವೆದು ಹರಿಯುತ್ತದೆ. ಆಪತ್ತಿಗೆಂದು ಇಟ್ಟುಕೊಳ್ಳುವುದಾದರೆ ನಾನು ಈಗ ಬಟ್ಟೆಯದನ್ನೇ ಆರಿಸುತ್ತೇನೆ. ಎರಡರಲ್ಲಿ ಯಾವುದಾದರೂ ಸರಿಯೇ, ಮನೆಯ ಮುಂದೆ ಒಣ ನೆಲದಲ್ಲಿ ಒಮ್ಮೆಯಾದರೂ ಹಾಕಿ ಬಿಚ್ಚಿ ನೋಡಿರಬೇಕು.

ಎರಡನೆಯ ವರ್ಷ ಆಲ್-ವೆದರ್ ಟೈರು ಹಾಕಿಸಿದೆ. ಹೆಸರು ಆಲ್-ಸೀಸನ್ನಿನಂತೆಯೇ ಕೇಳಿಸಿದರೂ ವಸ್ತು ಬೇರೆ. ಇದರ ಪಕ್ಕದಲ್ಲಿ ಮೂರು ಶಿಖರಗಳ ಬೆಟ್ಟದೊಳಗೆ ಹಿಮದ ಹರಳಿನ ಚಿತ್ರವಿರುತ್ತದೆ. ವರ್ಷವಿಡೀ ಓಡಿಸಬಹುದು, ಬದಲಾಯಿಸುವ ಖರ್ಚಿಲ್ಲ, ಅಪಾರ್ಟ್‌ಮೆಂಟಿನಲ್ಲಿ ಇನ್ನೊಂದು ಜೊತೆ ಟೈರು ಇಡಲು ಜಾಗ ಹುಡುಕಬೇಕಿಲ್ಲ. ಹೊಸ ಹಿಮದ ಮೇಲೆ ಏರು ಹತ್ತುವಾಗ ಕಾರು ಒಮ್ಮೆಯೂ ತಡವರಿಸಲಿಲ್ಲ, ಸರಪಳಿಯನ್ನು ಹೊರತೆಗೆಯುವ ಸಂದರ್ಭವೇ ಬರಲಿಲ್ಲ. ಆ ವರ್ಷ ನಾನು ಕಂಡ ಕೊರತೆ ಇಳಿಯುವಾಗಿನದು. ಹಗಲು ಕರಗಿ ಇರುಳಿನಲ್ಲಿ ಹೆಪ್ಪುಗಟ್ಟಿದ ನಸುಕಿನ ರಸ್ತೆಯಲ್ಲಿ ಬ್ರೇಕು ಒತ್ತಿದಾಗ ಚಕ್ರ ಕಚ್ಚಿ ನಿಲ್ಲದಂತೆ ತಡೆಯುವ ಎಬಿಎಸ್ ಕಾಲಡಿಯಲ್ಲಿ ನಡುಗುತ್ತಲೇ ಇತ್ತು, ಕಾರು ನಾನು ಎಣಿಸಿದ್ದಕ್ಕಿಂತ ಮುಂದೆ ಹೋಗಿ ನಿಲ್ಲುತ್ತಿತ್ತು. ಆ ಬೆಟ್ಟದ ಗುರುತಿಗೆ ಬೇಕಾದ ಪರೀಕ್ಷೆ ತುಳಿದು ಗಟ್ಟಿಯಾದ ಹಿಮದ ಮೇಲೆ ಮುನ್ನುಗ್ಗುವ ಹಿಡಿತವನ್ನು ಅಳೆಯುತ್ತದೆಯೇ ಹೊರತು, ಮಂಜುಗಡ್ಡೆಯ ಮೇಲೆ ನಿಲ್ಲುವುದನ್ನಲ್ಲ.

ಮೂರನೆಯ ವರ್ಷ ಮೊಳೆಗಳಿಲ್ಲದ ವಿಂಟರ್ ಟೈರುಗಳನ್ನು ಬೇರೆಯೇ ರಿಮ್‌ಗಳ ಸಮೇತ ಕೊಂಡೆ. ಸುಮಾರು 7 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಸಾಮಾನ್ಯ ಟೈರಿನ ರಬ್ಬರು ಬಿರುಸಾಗುತ್ತ ಹೋಗುತ್ತದೆ. ಇದರ ರಬ್ಬರು ಮೆತ್ತಗೇ ಉಳಿಯುತ್ತದೆ, ಮೈಮೇಲಿನ ಸಾವಿರಾರು ಸಣ್ಣ ಸೀಳುಗಳು ಹಿಮವನ್ನು ಕಚ್ಚಿಕೊಳ್ಳುತ್ತವೆ. ವ್ಯತ್ಯಾಸವನ್ನು ಕಣ್ಣಾರೆ ನೋಡಬೇಕೆಂದು, ಮೂರು ಚಳಿಗಾಲಗಳಲ್ಲೂ ಹಿಮ ಹಾಸಿದ, ಯಾರೂ ಇಲ್ಲದ ಒಂದೇ ಪಾರ್ಕಿಂಗ್ ಬಯಲಿನಲ್ಲಿ, ಒಂದೇ ದೀಪದ ಕಂಬದ ಬಳಿ, ಒಂದೇ ವೇಗದಲ್ಲಿ ಬ್ರೇಕು ಒತ್ತಿದ್ದೆ. ಆಲ್-ಸೀಸನ್ ಟೈರಿನಲ್ಲಿ ಕಾರು ಪಾರ್ಕಿಂಗಿನ ಐದು ಅಂಕಣ ದಾಟಿತ್ತು, ಆಲ್-ವೆದರ್‌ನಲ್ಲಿ ನಾಲ್ಕನೆಯದರಲ್ಲಿ ನಿಂತಿತ್ತು, ವಿಂಟರ್ ಟೈರಿನಲ್ಲಿ ಮೂರನೆಯದನ್ನು ಮುಟ್ಟುವ ಮೊದಲೇ ನಿಂತಿತು. ಹಿಮದ ಗುಣ ಮೂರು ದಿನವೂ ಒಂದೇ ಆಗಿರಲಿಲ್ಲವೆಂಬುದನ್ನು ಒಪ್ಪುತ್ತೇನೆ, ಆದರೆ ಇಳಿಜಾರಿನ ತಿರುವುಗಳಲ್ಲಿ ಸ್ಟಿಯರಿಂಗ್ ಹೇಳಿದ ಕಡೆಗೆ ಕಾರು ತಿರುಗುವ ನೆಮ್ಮದಿಯೂ ಇದನ್ನೇ ಹೇಳುತ್ತಿತ್ತು. ನಾಲ್ಕೂ ಚಕ್ರಗಳಿಗೆ ಬಲವಿರುವ ಕಾರು ಕೊಂಡರೆ ಇದೆಲ್ಲ ಬೇಡವೆನ್ನುವವರಿಗೆ ಒಂದು ಮಾತು: ಆ ವ್ಯವಸ್ಥೆ ಕಾರನ್ನು ಮುಂದಕ್ಕೆ ತಳ್ಳುತ್ತದೆ; ನಿಲ್ಲಿಸುವ ಕೆಲಸ ಟೈರಿನದು.

ವಿಂಟರ್ ಟೈರಿನ ದೋಷಗಳೂ ಇವೆ. ಒಣ ರಸ್ತೆಯಲ್ಲಿ ಸದ್ದು ಹೆಚ್ಚು, ಸ್ಟಿಯರಿಂಗ್ ತುಸು ಮಂದ, ಬೇಸಿಗೆಯಲ್ಲಿ ಓಡಿಸಿದರೆ ಬೇಗ ಸವೆಯುತ್ತದೆ, ವರ್ಷಕ್ಕೆರಡು ಬಾರಿ ಬದಲಾಯಿಸುವ ಕೆಲಸ ತಪ್ಪದು. ಆದ್ದರಿಂದ ಚಳಿಗಾಲದಲ್ಲಿ ಮೂರು ನಾಲ್ಕು ಸಲ ಮಾತ್ರ ಬೆಟ್ಟ ಹತ್ತುವವರಿಗೆ, ಹಿಮ ಬೀಳುವ ದಿನ ಪ್ರಯಾಣ ಮುಂದೂಡಬಲ್ಲವರಿಗೆ ಆಲ್-ವೆದರ್ ಸಾಕೆಂದು ಧೈರ್ಯವಾಗಿ ಹೇಳುತ್ತೇನೆ. ನಮ್ಮಂತೆ ವಾರ ತಪ್ಪದೆ ಹೋಗುವವರು ವಿಂಟರ್ ಟೈರನ್ನೇ ಹಾಕಿಸಬೇಕು.

ಉಳಿದ ಸಿದ್ಧತೆ ಯಾವ ಟೈರಿದ್ದರೂ ಒಂದೇ. ಉಷ್ಣಾಂಶ ಸುಮಾರು 5.5 ಡಿಗ್ರಿ ಇಳಿದಂತೆಲ್ಲ ಟೈರಿನ ಗಾಳಿಯ ಒತ್ತಡ ಒಂದು ಪಿಎಸ್‌ಐನಷ್ಟು (ಒತ್ತಡದ ಅಳತೆ) ತಗ್ಗುತ್ತದೆ, ಹಾಗಾಗಿ ಹೊರಡುವ ಬೆಳಿಗ್ಗೆಯೇ ನೋಡಬೇಕು. ರಸ್ತೆಗೆ ಸಿಂಪಡಿಸುವ ಮೆಗ್ನೀಸಿಯಂ ಕ್ಲೋರೈಡ್ ಮುಂದಿನ ಗಾಜಿಗೆ ಮಸಕು ಮೆತ್ತುವುದರಿಂದ, ಮೈನಸ್ 29 ಡಿಗ್ರಿಯವರೆಗೂ ಹೆಪ್ಪುಗಟ್ಟದ ತೊಳೆಯುವ ದ್ರವ ತುಂಬಿಸಿ, ಇನ್ನೊಂದು ಕ್ಯಾನು ಜೊತೆಗಿಟ್ಟಿರಬೇಕು. ಕಂಬಳಿ, ಸಲಿಕೆ, ಟಾರ್ಚು, ಮಕ್ಕಳಿಗೆ ತಿಂಡಿ, ನೀರು ಇದ್ದೇ ಇರಲಿ. ಸುರಂಗದ ಬಳಿ ರಸ್ತೆ ಮುಚ್ಚಿದರೆ ಗಂಟೆಗಟ್ಟಲೆ ಕಾಯಬೇಕಾಗುತ್ತದೆ.

ನನ್ನ ವಿಂಟರ್ ಟೈರುಗಳ ಕಚ್ಚು ಕಳೆದ ಏಪ್ರಿಲ್‌ನಲ್ಲಿ ಬಿಚ್ಚಿಸಿದಾಗ 6.5 ಮಿಲಿಮೀಟರ್ ಇತ್ತು. ಅಕ್ಟೋಬರ್ ಕೊನೆಯ ವಾರ ಮತ್ತೆ ಹಾಕಿಸುತ್ತೇನೆ.