ಮತ್ತೆ ಮತ್ತೆ ಬರುವ ಸೈಟ್ ಕೆಲಸಕ್ಕೆ ಯಾವ ಸಾಫ್ಟ್‌ವೇರ್?

ಗುರುವಾರದ ಸೈಟ್ ಮೀಟಿಂಗ್, ಮಿಕ್ಸರ್ ಮೆಷಿನ್ನಿಗೆ ಗ್ರೀಸ್ ಹಾಕುವುದು: ಮೈಸೂರು ವಿಜಯನಗರದ ನಮ್ಮ ಸೈಟಿನಲ್ಲಿ ಎರಡೂ ಪದೇ ಪದೇ ಬರುವ ಕೆಲಸಗಳೇ. ಆದರೆ ಒಂದು ತಾರೀಖು ನೋಡಿ ಬರುತ್ತದೆ, ಇನ್ನೊಂದು ಹಿಂದಿನ ಸಲ ಯಾವಾಗ ಮುಗಿಯಿತೆಂದು ನೋಡಿ. ಸಾಫ್ಟ್‌ವೇರ್ ಆರಿಸುವಾಗ ನಾನು ಮೊದಲು ನೋಡುವುದು ಇದನ್ನೇ.

ಕೆಲಸದ ವೇಳಾಪಟ್ಟಿ ಹಾಕುವ ಮೈಕ್ರೋಸಾಫ್ಟ್ ಪ್ರಾಜೆಕ್ಟಿನ ಟಾಸ್ಕ್ ಟ್ಯಾಬಿನಲ್ಲಿ ‘ಟಾಸ್ಕ್’ ಬಟನ್ನಿನ ಬಾಣ ಒತ್ತಿದರೆ ‘ರಿಕರಿಂಗ್ ಟಾಸ್ಕ್’ ಸಿಗುತ್ತದೆ. ಹೆಸರು, ಅವಧಿ, ವಾರ, ಎಷ್ಟು ಸಲ ಅಥವಾ ಯಾವ ತಾರೀಖಿನವರೆಗೆ ಎಂದು ತುಂಬಿದರೆ ಮೇಲೊಂದು ತಲೆಸಾಲು, ಅದರಡಿ ಮೀಟಿಂಗಿಗೊಂದರಂತೆ ಸಾಲುಗಳು. 2025ರಲ್ಲಿ ವಿಜಯದಶಮಿ, ಗಾಂಧಿ ಜಯಂತಿ ಎರಡೂ ಅಕ್ಟೋಬರ್ 2ರ ಗುರುವಾರವೇ ಬಂದವು. ಜಂಬೂಸವಾರಿ ದಿನ ಮೈಸೂರಿನಲ್ಲಿ ಮೀಟಿಂಗಿಗೆ ಬರುವವರಾರು? ಕ್ಯಾಲೆಂಡರಿನಲ್ಲಿ ರಜೆ ಗುರುತಿಸಿದ್ದರಿಂದ ಅದೇ ಕೇಳಿತು: ಮುಂದಿನ ಕೆಲಸದ ದಿನಕ್ಕೆ ಹಾಕಲೋ, ಬಿಟ್ಟೇಬಿಡಲೋ? ಹೂಂ ಅಂದೆ, ಶುಕ್ರವಾರಕ್ಕೆ ಹೋಯಿತು. ಈ ಪ್ರಶ್ನೆಯೊಂದಕ್ಕೇ ಮೀಟಿಂಗುಗಳ ಮಟ್ಟಿಗೆ ನನ್ನ ಓಟು ಇದಕ್ಕೆ. ಸ್ಲ್ಯಾಬ್ ಕೆಲಸ ಹಿಂದೆ ಬಿದ್ದರೆ ಮಾತ್ರ ಮೀಟಿಂಗುಗಳು ತಾವಾಗಿ ಬೆಳೆಯುವುದಿಲ್ಲ, ಕೊನೆ ತಾರೀಖನ್ನು ನಾವೇ ತಿದ್ದಬೇಕು. ಅದನ್ನು ಧಾರಾಳವಾಗಿ ಮುಂದಿಟ್ಟರೂ ಕಷ್ಟ: ಕೊನೆಯ ಮೀಟಿಂಗಿನವರೆಗೆ ಪ್ರಾಜೆಕ್ಟೇ ಎಳೆದುಕೊಳ್ಳುತ್ತದೆ.

ಗ್ರೀಸಿಗೆ, ಮಾಡಬೇಕಾದ ಕೆಲಸಗಳನ್ನು ಪಟ್ಟಿ ಮಾಡುವ ಆ್ಯಪ್ ಟೊಡೊಯಿಸ್ಟೇ ಸರಿ. ಅದರಲ್ಲಿ ‘ಎವೆರಿ 15 ಡೇಸ್’ ಎಂದರೆ ಮೊದಲ ತಾರೀಖಿನಿಂದ ಲೆಕ್ಕ. ‘ಎವೆರಿ’ ಪಕ್ಕ ಆಶ್ಚರ್ಯಸೂಚಕ ಚಿಹ್ನೆ ಹಾಕಿದರೆ ಮುಗಿಸಿದ ದಿನದಿಂದ. ಮಳೆಗೆ ಕೆಲಸ ನಿಂತು ಗ್ರೀಸ್ ತಡವಾದರೆ ಮುಂದಿನ ಸರದಿಯೂ ಅಷ್ಟೇ ಮುಂದಕ್ಕೆ. ಮೇಸ್ತ್ರಿಯ ಫೋನಿಗೆ ಹಾಕಿಕೊಟ್ಟಾಗ “ಟಿಕ್ ಮಾಡುದ್ರೆ ಸಾಕಾ ಸಾರ್?” ಅಂದರು. ಸಾಕು.

ಗೂಗಲ್ ಕ್ಯಾಲೆಂಡರ್ ಪುಕ್ಕಟೆ, ನೆನಪಿಸುತ್ತದೆ. ಹಬ್ಬ ಬಂತೆಂದು ಮೀಟಿಂಗನ್ನು ತಾನಾಗಿ ಸರಿಸುವುದಿಲ್ಲ. ಅದೊಂದು ದಿನದ್ದನ್ನು ಮಾತ್ರ ನಾವು ಎಳೆದು ಬದಲಿಸಬಹುದು.

ಅಂದಹಾಗೆ, ಕ್ಯೂಬ್ ಟೆಸ್ಟನ್ನು (ಕಾಂಕ್ರೀಟಿನ ಗಟ್ಟಿತನ ನೋಡುವ ಪರೀಕ್ಷೆ) ರಿಕರಿಂಗ್‌ನಲ್ಲಿ ತುರುಕಬೇಡಿ. 7 ದಿನ, 28 ದಿನ ಎಂಬುದು ಕಾಂಕ್ರೀಟ್ ಹಾಕಿದ ದಿನದಿಂದ. ಮೈಕ್ರೋಸಾಫ್ಟ್ ಪ್ರಾಜೆಕ್ಟಿನಲ್ಲಿ ಟೆಸ್ಟ್ ಸಾಲನ್ನು ಕಾಂಕ್ರೀಟ್ ಸಾಲಿಗೆ ‘ಎಫ್‌ಎಸ್+28ಇಡಿ’ (FS+28ed, ಅಂದರೆ ಅದು ಮುಗಿದು 28 ದಿನಕ್ಕೆ ಇದು ಶುರು) ಎಂದು ಜೋಡಿಸಿದರೆ ಭಾನುವಾರ, ಹಬ್ಬ ಎಲ್ಲ ಸೇರಿಸಿ ಎಣಿಸುತ್ತದೆ. ಬರೀ ‘ಡಿ’ ಹಾಕಿದರೆ ರಜೆಗಳನ್ನು ಬಿಟ್ಟು ಎಣಿಸಿ, ಟೆಸ್ಟ್ ತಾರೀಖು ಮುಂದೆ ಹೋಗಿ ಕೂರುತ್ತದೆ.