ಆಗುಂಬೆ ಘಾಟಿಗಾಗಿ ಹಾಕಿಸಿದ ಶಿಮಾನೊ 105 ಡಿರೇಲರ್: 21,000 ಕಿ.ಮೀ. ಓಡಿಸಿದ ಮೇಲೆ

ಉಡುಪಿಯಲ್ಲಿ ರೋಡ್ ಬೈಕ್ ಇಟ್ಟುಕೊಂಡವರು ಒಂದೋ ಕಡಲಿನ ಬದಿಗೆ ಹೋಗಬೇಕು, ಇಲ್ಲಾ ಘಾಟಿ ಹತ್ತಬೇಕು. ಮಲ್ಪೆ, ಮರವಂತೆ ಕಡೆ ರಸ್ತೆ ಸಪಾಟು. ಅಲ್ಲಿ ಯಾವ ಗೇರ್ ಇದ್ದರೂ ನಡೆಯುತ್ತದೆ. ಹೆಬ್ರಿ ದಾಟಿ ಸೋಮೇಶ್ವರ ಬಂತು ಅಂದರೆ ಕಥೆಯೇ ಬೇರೆ. ಅಲ್ಲಿಂದ ಆಗುಂಬೆಗೆ 14 ಹೇರ್‌ಪಿನ್ ತಿರುವುಗಳು. ನನ್ನ ಬೈಕ್‌ನಲ್ಲಿ ಮೊದಲು ಇದ್ದದ್ದು ಮುಂದೆ 50-34, ಅಂದರೆ 50 ಮತ್ತು 34 ಹಲ್ಲಿನ ಎರಡು ಚಕ್ರ; ಹಿಂದೆ 11-28, ಅಂದರೆ 11ರಿಂದ 28 ಹಲ್ಲಿನವರೆಗಿನ ಚಕ್ರಗಳು. ಏಳೆಂಟು ತಿರುವು ಕಳೆಯುವಷ್ಟರಲ್ಲಿ ಮಂಡಿ ಹಿಡಿದುಕೊಳ್ಳುತ್ತಿತ್ತು. ಇನ್ನೊಂದು ಗೇರ್ ಇದೆಯೇನೋ ಎಂದು ಬೆರಳು ತಾನಾಗಿ ಲಿವರ್ ಒತ್ತುತ್ತಿತ್ತು. ಇರುತ್ತಿರಲಿಲ್ಲ.

2021ರ ಜನವರಿಯಲ್ಲಿ ಹಿಂದಿನ ಡಿರೇಲರ್, ಅಂದರೆ ಚೈನನ್ನು ಒಂದು ಹಲ್ಲಿನ ಚಕ್ರದಿಂದ ಇನ್ನೊಂದಕ್ಕೆ ಸರಿಸುವ ಭಾಗ, ಬದಲಿಸಿದೆ. ಹಾಕಿದ್ದು ಶಿಮಾನೊ 105 ಆರ್‌7000, ಅದರಲ್ಲೂ ಜಿಎಸ್, ಅಂದರೆ ಮಧ್ಯಮ ಉದ್ದದ ಕೇಜ್ (ಚೈನ್ ಹಾದುಹೋಗುವ ಕೆಳಗಿನ ತೋಳು) ಇರುವುದು. ಇವತ್ತಿಗೆ 21,000 ಕಿ.ಮೀ. ದಾಟಿದೆ. ನಾಲ್ಕು ಕರಾವಳಿ ಮಳೆಗಾಲ ನೋಡಿದೆ. ಈಗ ಅದರ ಬಗ್ಗೆ ಧೈರ್ಯವಾಗಿ ಬರೆಯಬಹುದು ಅನ್ನಿಸಿತು.

ಮೊದಲು ಆಯ್ಕೆಯ ವಿಷಯ. ಅಂಗಡಿಯಲ್ಲಿ "ಯಾವುದು ಒಳ್ಳೇದು?" ಎಂದು ಕೇಳಿದರೆ ಜಾಸ್ತಿ ಬೆಲೆಯದ್ದನ್ನು ತೋರಿಸುತ್ತಾರೆ. ನಿಜವಾಗಿ ಬೇಕಾದದ್ದು ಎರಡು ಲೆಕ್ಕ. ಒಂದು, ಆ ಡಿರೇಲರ್ ಎಷ್ಟು ಹಲ್ಲಿನ ಚಕ್ರದವರೆಗೆ ಹತ್ತುತ್ತದೆ. ಎರಡು, ಎಷ್ಟು ಸಡಿಲ ಚೈನನ್ನು ಎಳೆದು ಹಿಡಿಯುತ್ತದೆ. ಆರ್‌7000ರ ಚಿಕ್ಕ ಕೇಜ್, ಅಂದರೆ ಎಸ್‌ಎಸ್, 30 ಹಲ್ಲಿನವರೆಗೆ ಮಾತ್ರ. ಜಿಎಸ್ 34ರವರೆಗೆ ಹೋಗುತ್ತದೆ, ಸಡಿಲ ಚೈನ್ ಎಳೆದು ಹಿಡಿಯುವ ಅದರ ಒಟ್ಟು ಸಾಮರ್ಥ್ಯ 39 ಹಲ್ಲು. ನನ್ನ ಲೆಕ್ಕ ಹೀಗಿತ್ತು: ಮುಂದೆ 50ರಿಂದ 34 ಕಳೆದರೆ 16. ಹಿಂದೆ 34ರಿಂದ 11 ಕಳೆದರೆ 23. ಕೂಡಿದರೆ 39. ಒಂದು ಹಲ್ಲೂ ಆಚೀಚೆ ಇಲ್ಲ, ಸರಿಯಾಗಿ ಕೂತಿತು. ನನ್ನ ಹಳೇ 105, 5800ರ ಚಿಕ್ಕ ಕೇಜ್, 28ಕ್ಕೇ ಮುಗಿಯುತ್ತಿತ್ತು. ಡಿರೇಲರ್ ನೇತಾಡುವ ತುಂಡಿಗೆ, ಅಂದರೆ ಹ್ಯಾಂಗರ್‌ಗೆ, ಉದ್ದ ಮಾಡುವ ಎಕ್ಸ್‌ಟೆಂಡರ್ ಹಾಕಿ ಅದರಲ್ಲೇ 34 ಓಡಿಸುವವರಿದ್ದಾರೆ. ನನಗೆ ಅದು ಮನಸ್ಸಿಗೆ ಬರಲಿಲ್ಲ. ಘಾಟಿಯ ನಡುವೆ ಕೈ ಕೊಟ್ಟರೆ ಹೆಬ್ರಿಯವರೆಗೆ ತಳ್ಳಿಕೊಂಡು ಬರಬೇಕಲ್ವಾ.

ಇನ್ನೊಂದು ಮಾತು, ಇದನ್ನು ತುಂಬಾ ಜನ ಬಿಟ್ಟುಬಿಡುತ್ತಾರೆ. ಲಿವರ್ ಒಂದು ಕ್ಲಿಕ್‌ಗೆ ಎಳೆಯುವ ಕೇಬಲ್‌ಗೂ ಡಿರೇಲರ್ ಸರಿಯುವ ದೂರಕ್ಕೂ ಹೊಂದಾಣಿಕೆ ಇರಬೇಕು. ಶಿಮಾನೊದ 11 ಸ್ಪೀಡ್ (ಹಿಂದೆ 11 ಚಕ್ರ ಇರುವ) ರೋಡ್ ಲಿವರ್‌ಗೆ ಅದೇ ಕಂಪನಿಯ ಹಳೇ 9 ಸ್ಪೀಡ್ ಸೋರಾ ಡಿರೇಲರ್ ಹೊಂದುವುದಿಲ್ಲ. ಇನ್ನೊಂದು ಕಂಪನಿ ಸ್ರ್ಯಾಮ್‌ನ ಲಿವರ್‌ಗೆ ಶಿಮಾನೊ ಡಿರೇಲರ್ ಕೂಡ ಹೊಂದುವುದಿಲ್ಲ. ನೋಡಲು ಎಲ್ಲ ಒಂದೇ ಥರ, ಬೋಲ್ಟೂ ಕೂರುತ್ತದೆ, ಆದರೆ ಗೇರ್ ಯಾವತ್ತೂ ಸಾಲಿಗೆ ಬರುವುದಿಲ್ಲ. ಸೆಕೆಂಡ್ ಹ್ಯಾಂಡ್ ಕೊಳ್ಳುವವರು ಇದನ್ನು ಮೊದಲು ನೋಡಿ.

34ರಿಂದ ಸಿಕ್ಕಿದ್ದೇನು? ನನ್ನ ಟೈರಿಗೆ ಒಂದು ಸುತ್ತು ಅಂದರೆ ಸುಮಾರು 2.1 ಮೀಟರ್. 34-28ರಲ್ಲಿ (ಮುಂದೆ 34, ಹಿಂದೆ 28) ಒಂದು ತುಳಿತಕ್ಕೆ ಬೈಕ್ 2.55 ಮೀಟರ್ ಮುಂದೆ ಹೋಗುತ್ತದೆ. 34-34ರಲ್ಲಿ 2.1. ನಿಮಿಷಕ್ಕೆ 60 ತುಳಿತ ಅಂತ ಇಟ್ಟುಕೊಂಡರೆ ಮೊದಲನೆಯದಕ್ಕೆ ಗಂಟೆಗೆ 9 ಕಿ.ಮೀ. ವೇಗ ಹಿಡಿಯಲೇಬೇಕು, ಎರಡನೆಯದಕ್ಕೆ ಏಳೂವರೆ ಸಾಕು. ಕಾಗದದ ಮೇಲೆ ಸಣ್ಣ ವ್ಯತ್ಯಾಸ. ತಿರುವಿನ ಒಳಬದಿಯಲ್ಲಿ ರಸ್ತೆ ಗೋಡೆಯಂತೆ ಎದ್ದಾಗ ಅದೇ ಉಸಿರು. ಹೊಸ ಗೇರ್‌ನಲ್ಲಿ ಮೊದಲ ಸಲ ಹತ್ತಿದ ದಿನ ಕಾಲು ಊರದೆ ಮೇಲಿನ ಸೂರ್ಯಾಸ್ತದ ಜಾಗಕ್ಕೆ ಮುಟ್ಟಿದೆ. ಅಲ್ಲಿ ನಿಂತು ಕೆಳಗಿನ ಕಾಡು ನೋಡಿದ ಖುಷಿ ಈಗಲೂ ನೆನಪಿದೆ.

ಕಳೆದುಕೊಂಡದ್ದೂ ಇದೆ. 11-34ರಲ್ಲಿ ಹಲ್ಲುಗಳು 11, 13, 15, 17 ಹೀಗೆ ಎರಡೆರಡು ಹಾರುತ್ತವೆ. ಹಳೇ 11-28ರಲ್ಲಿದ್ದ 14 ಈಗಿಲ್ಲ. ಮರವಂತೆಯಲ್ಲಿ ಎದುರುಗಾಳಿ ಇದ್ದಾಗ 13 ಭಾರ, 15 ಹಗುರ. ಬರೀ ಸಪಾಟು ರಸ್ತೆಯಲ್ಲಿ ಗುಂಪಿನ ಜೊತೆ ಓಡಿಸುವವರಿಗೆ ನಾನು ಇದನ್ನು ಹೇಳುವುದಿಲ್ಲ. ಅವರಿಗೆ ಎಸ್‌ಎಸ್ ಮತ್ತು 11-28 ಚೆನ್ನ.

ಜೋಡಣೆಯನ್ನು ಮನೆಯ ಜಗಲಿಯಲ್ಲೇ ಮಾಡಿದೆ. ಅರ್ಧ ದಿನ ಹಿಡಿಯಿತು. ಕ್ಯಾಸೆಟ್, ಅಂದರೆ ಹಿಂದಿನ ಹಲ್ಲಿನ ಚಕ್ರಗಳ ಗೊಂಚಲು, ಎಚ್‌ಜಿ700. ಇದಕ್ಕೆ 11 ಸ್ಪೀಡ್ ರೋಡ್ ಹಬ್‌ನಲ್ಲಿ 1.85 ಮಿ.ಮೀ. ಸ್ಪೇಸರ್ ಬೇಕು. ಅದನ್ನು ಬಿಟ್ಟರೆ ಲಾಕ್‌ರಿಂಗ್ ಎಷ್ಟು ತಿರುಗಿಸಿದರೂ ಕ್ಯಾಸೆಟ್ ಲಟಲಟ ಅನ್ನುತ್ತದೆ. ಡಿರೇಲರ್ ಬೋಲ್ಟನ್ನು ಮೊದಲು ಬೆರಳಲ್ಲೇ ಎಡಕ್ಕೆ ತಿರುಗಿಸಿ. ಮರೆಗಳು (ಥ್ರೆಡ್) ಮುಖಾಮುಖಿ ಆದಾಗ ಸಣ್ಣಗೆ ಟಕ್ ಅನ್ನುತ್ತದೆ. ಅಲ್ಲಿಂದ ಬಲಕ್ಕೆ. ಹ್ಯಾಂಗರ್ ಅಲ್ಯುಮಿನಿಯಂ, ಅಡ್ಡ ಮರೆ ಬಿದ್ದರೆ ಕೆಲಸ ಕೆಟ್ಟಿತು. ಕೊನೆಗೆ 8ರಿಂದ 10 ನ್ಯೂಟನ್ ಮೀಟರ್ ಬಿಗಿ. ಚೈನ್ ಹಳೆಯದು ಸಾಲುವುದಿಲ್ಲ. ಹೊಸ ಚೈನನ್ನು ಡಿರೇಲರ್ ಒಳಗೆ ಹಾಕದೆ ಮುಂದಿನ ದೊಡ್ಡದು, ಹಿಂದಿನ ದೊಡ್ಡದರ ಮೇಲೆ ಸುತ್ತಿ, ಕೂಡುವ ಜಾಗದಿಂದ ಎರಡು ಲಿಂಕ್ ಜಾಸ್ತಿ ಬಿಟ್ಟು ಕತ್ತರಿಸಿದೆ. ಗಿಡ್ಡ ಚೈನ್‌ನಲ್ಲಿ ಅಪ್ಪಿತಪ್ಪಿ ದೊಡ್ಡದು-ದೊಡ್ಡದು ಹಾಕಿದರೆ ಡಿರೇಲರ್ ಕಿತ್ತು ಬರಬಹುದು.

ಕೇಬಲ್ ಕಟ್ಟುವ ಮೊದಲು ಒಂದು ಕೆಲಸ ಮಾಡಿ. ಪೆಡಲ್ ತಿರುಗಿಸುತ್ತಾ ಡಿರೇಲರನ್ನು ಕೈಯಲ್ಲೇ ಒಳಗೆ ತಳ್ಳಿ. ಚೈನ್ ದೊಡ್ಡ ಚಕ್ರ ಹತ್ತಬೇಕು, ಅದರಾಚೆ ಕಡ್ಡಿಗಳ ಕಡೆ ಒಂದು ಕೂದಲೂ ಹೋಗಬಾರದು. ಆ ತಡೆಯೇ ಎಲ್ ಸ್ಕ್ರೂ. ಆಮೇಲೆ ಬಿ ಸ್ಕ್ರೂ. ಪುಲ್ಲಿ (ಕೇಜ್‌ನಲ್ಲಿ ಚೈನ್ ಹಾಯುವ ಪುಟ್ಟ ಚಕ್ರ) ಕ್ಯಾಸೆಟ್‌ನಿಂದ ಎಷ್ಟು ದೂರ ಇರಬೇಕು ಎಂದು ಹೊಂದಿಸುವುದು ಇದರಲ್ಲೇ. ನಾನು 6 ಮಿ.ಮೀ. ಅಲೆನ್ ಕೀಯನ್ನೇ ಮೇಲಿನ ಪುಲ್ಲಿ ಮತ್ತು 34ರ ನಡುವೆ ಹಿಡಿದು ಅಂತರ ನೋಡಿಕೊಂಡೆ.

ಇಷ್ಟಾಗಿ ಎರಡು ವರ್ಷ ಒಂದು ದೂರೂ ಇರಲಿಲ್ಲ. ಆಮೇಲೆ ಒಂದು ಬೆಳಿಗ್ಗೆ ಹೆಬ್ರಿಯಲ್ಲಿ ಚಾ ಕುಡಿಯುವಾಗ ಗೋಡೆಗೆ ಒರಗಿಸಿದ್ದ ಬೈಕ್ ಬಲಕ್ಕೆ ಬಿತ್ತು. ಆರ್‌7000 ಕ್ಯಾಸೆಟ್‌ನ ಕೆಳಗೆ ಒಳಸರಿದು ಕೂರುವ ಶ್ಯಾಡೋ ವಿನ್ಯಾಸದ್ದು, ಹಾಗಾಗಿ ಡಿರೇಲರ್‌ಗೆ ಗೀರು ಮಾತ್ರ. ಆದರೆ ಗೇರ್ ಕಟಕಟ ಅನ್ನತೊಡಗಿತು. ಒಂದು ಅಂಗಡಿಗೆ ಕೊಟ್ಟೆ. ಕೇಬಲ್ ಬಿಗಿ ಮಾಡಿ, ಎಲ್ ಸ್ಕ್ರೂ ಸಡಿಲಿಸಿ, "ಈಗ ಸರಿ" ಎಂದು ಕಳಿಸಿದರು. ಹತ್ತು ದಿನದ ನಂತರ ಘಾಟಿಯಲ್ಲಿ ಆರನೇ ತಿರುವು. ಕೊನೇ ಗೇರ್‌ಗೆ ಹಾಕಿದೆ. ಟಿಣ್, ಟಿಣ್, ಟಿಣ್. ಕೇಜ್ ಕಡ್ಡಿಗಳಿಗೆ ತಾಗುತ್ತಿತ್ತು. ತಕ್ಷಣ ಇಳಿದೆ. ಇನ್ನೊಂದು ಸುತ್ತು ತುಳಿದಿದ್ದರೆ ಡಿರೇಲರ್, ಚಕ್ರ ಎರಡೂ ಹೋಗುತ್ತಿದ್ದವು.

ಬಗ್ಗಿದ್ದು ಹ್ಯಾಂಗರ್. ಫ್ರೇಮ್‌ಗೂ ಡಿರೇಲರ್‌ಗೂ ನಡುವೆ ಇರುವ ಆ ಹೆಬ್ಬೆರಳಿನಷ್ಟು ತುಂಡು. 11 ಸ್ಪೀಡ್‌ನಲ್ಲಿ ಒಂದು ಚಕ್ರದಿಂದ ಇನ್ನೊಂದಕ್ಕೆ ದೂರ ಸುಮಾರು 3.7 ಮಿ.ಮೀ. ಅಷ್ಟೇ. ಅಲ್ಲಿ ಹ್ಯಾಂಗರ್ ಸ್ವಲ್ಪ ವಾಲಿದರೂ ಯಾವ ಸ್ಕ್ರೂ ತಿರುಗಿಸಿಯೂ ಪ್ರಯೋಜನವಿಲ್ಲ. ಒಂದು ಹ್ಯಾಂಗರ್ ಗೇಜ್ ತರಿಸಿದೆ. ಡಿರೇಲರ್ ಬಿಚ್ಚಿ, ಅದೇ ಮರೆಗೆ ಗೇಜ್ ತಿರುಗಿಸಿ, ರಿಮ್‌ನಿಂದ ಅಂತರ ಅಳೆದೆ. ಮೇಲಿನ ಅಂತರಕ್ಕೂ ಕೆಳಗಿನ ಅಂತರಕ್ಕೂ 11 ಮಿ.ಮೀ. ವ್ಯತ್ಯಾಸ! ಮೆಲ್ಲ ಮೆಲ್ಲ ಬಗ್ಗಿಸಿ 2 ಮಿ.ಮೀ.ಗೆ ತಂದೆ. ಡಿರೇಲರ್ ಮತ್ತೆ ಕೂರಿಸಿದ ಮೇಲೆ ಎಲ್ ಸ್ಕ್ರೂವನ್ನು ಮೊದಲಿನ ಜಾಗಕ್ಕೆ ತರಬೇಕಾಯಿತು, ಅಷ್ಟೇ. ಗೇರ್ ಬೆಣ್ಣೆಯಂತೆ ಬಿತ್ತು. "ಡಿರೇಲರ್ ಹೋಗಿದೆ, ಹೊಸದು ಹಾಕಿಸಿ" ಎಂದು ಯಾರಾದರೂ ಹೇಳಿದರೆ ಮೊದಲು ಹ್ಯಾಂಗರ್ ನೋಡಿಸಿ ಅಂತ ನಾನು ಎಲ್ಲರಿಗೂ ಹೇಳುವುದು ಇದಕ್ಕೇ.

ಎರಡನೇ ಅನುಮಾನ ಕೇಬಲ್ ಮೇಲೆ ಇರಲಿ. ನಮ್ಮ ಕಡೆ ಉಪ್ಪುಗಾಳಿ, ಮೇಲೆ ಜೂನ್‌ನಿಂದ ಸುರಿಯುವ ಮಳೆ. ಲಿವರ್ ಬಿಟ್ಟಾಗ ಚೈನ್ ಚಿಕ್ಕ ಚಕ್ರಕ್ಕೆ ಇಳಿಯಲು ತಡ ಮಾಡಿದರೆ ಒಳಗೆ ತುಕ್ಕು ಹಿಡಿದಿದೆ ಎಂದೇ ಅರ್ಥ. ನಾನು ಪ್ರತಿ ವರ್ಷ ಮಳೆ ಮುಗಿದ ಮೇಲೆ ಒಳಗಿನ ಕೇಬಲ್, ಹೊರಗಿನ ಕವಚ ಎರಡನ್ನೂ ಬದಲಿಸುತ್ತೇನೆ. ಪುಲ್ಲಿ ಬಿಚ್ಚಿ ಬುಶ್ ಒರೆಸಿ ಗ್ರೀಸ್ ಹಾಕುವುದು ಮಳೆಗಾಲದಲ್ಲಿ ತಿಂಗಳಿಗೊಮ್ಮೆ. ಹಾಗೆ ಮಾಡಿದ್ದಕ್ಕೋ ಏನೋ, ಪುಲ್ಲಿ ಒಮ್ಮೆ ಮಾತ್ರ ಬದಲಿಸಿದ್ದೇನೆ, 15,000 ಕಿ.ಮೀ. ಹತ್ತಿರ. ಚೈನ್ ಮಾತ್ರ ಇದು ಐದನೆಯದು. ಡಿರೇಲರ್‌ನ ಕೀಲುಗಳಲ್ಲಿ ಈಗ ಸ್ವಲ್ಪ ಅಲುಗಾಟ ಬಂದಿದೆ, ಕೈಯಲ್ಲಿ ಹಿಡಿದು ಆಡಿಸಿದರೆ ಗೊತ್ತಾಗುತ್ತದೆ. ತುಳಿಯುವಾಗ ಗೊತ್ತಾಗುವುದಿಲ್ಲ.

105ರಲ್ಲಿ 2022ರಲ್ಲಿ 12 ಸ್ಪೀಡ್ ಡಿಐ2 (ಬ್ಯಾಟರಿಯಲ್ಲಿ ನಡೆಯುವ ಗೇರ್) ಬಂತು, 2023ರಲ್ಲಿ ಕೇಬಲ್‌ನ 12 ಸ್ಪೀಡೂ ಬಂತು. ಹೊಸ ಬೈಕ್ ಕೊಳ್ಳುವವರು ಅದನ್ನು ನೋಡಲಿ. ಆದರೆ 11 ಸ್ಪೀಡ್ ಬೈಕ್ ಚೆನ್ನಾಗಿ ಓಡುತ್ತಿರುವಾಗ ಸುಮ್ನೆ ಎಲ್ಲ ಕಿತ್ತು ಹಾಕಬೇಡಿ. ಲಿವರ್, ಕ್ಯಾಸೆಟ್, ಚೈನ್ ಎಲ್ಲದಕ್ಕೂ ಮತ್ತೆ ದುಡ್ಡು ಸುರಿಯಬೇಕಾಗುತ್ತದೆ.

ನನ್ನ ಸೀಟಿನ ಕೆಳಗಿನ ಚೀಲದಲ್ಲಿ ಈಗ ಟ್ಯೂಬ್ ಜೊತೆ ಒಂದು ಹೊಸ ಹ್ಯಾಂಗರ್ ಇರುತ್ತದೆ. ಪ್ರತಿ ಫ್ರೇಮ್‌ಗೂ ಅದು ಬೇರೆ ಬೇರೆ, ದಾರಿಯಲ್ಲಿ ಸಿಗುವ ಸಾಮಾನಲ್ಲ. ಉಡುಪಿ, ಮಣಿಪಾಲ ಸುತ್ತಮುತ್ತ ಇರುವವರಿಗೆ ಗೇರ್ ಕಟಕಟ ಅನ್ನುತ್ತಿದ್ದರೆ ಹೇಳಿ. ಗೇಜ್ ನನ್ನ ಹತ್ತಿರ ಇದೆ, ಭಾನುವಾರ ಸಂಜೆ ಬಿಡುವಿರುತ್ತದೆ. ಬೈಕ್ ತನ್ನಿ, ಒಟ್ಟಿಗೆ ಅಳೆದು ನೋಡೋಣ.