ಬೆಚ್ಚಿಬೀಳಿಸುವ ಸಿನಿಮಾ ಬೇರೆ, ಹೆದರಿಸುವ ಸಿನಿಮಾ ಬೇರೆ: ನನ್ನ ಓಟು ‘ರಿಂಗು’ಗೆ

ಒಂದೇ ಒಂದು ದೆವ್ವದ ಸಿನಿಮಾ ಕೊಂಡು ಇಟ್ಟುಕೊಳ್ಳಬೇಕು ಅಂದರೆ ನಾನು ಕೊಳ್ಳುವುದು ಜಪಾನಿನ ‘ರಿಂಗು’. ಹಿಡಿಯೊ ನಕಾಟ ನಿರ್ದೇಶಿಸಿದ್ದು, 1998ರದ್ದು. ಅದರ ಹಾಲಿವುಡ್ ರಿಮೇಕ್ ‘ದಿ ರಿಂಗ್’, ಆಮೇಲೆ ‘ದಿ ಕಂಜ್ಯೂರಿಂಗ್’, ‘ಪ್ಯಾರಾನಾರ್ಮಲ್ ಆಕ್ಟಿವಿಟಿ’ ಇವನ್ನೂ ದುಡ್ಡು ಕೊಟ್ಟೇ ತಗೊಂಡಿದ್ದೇನೆ. ಎಲ್ಲವನ್ನೂ ನೋಡಿದ್ದು ರಾತ್ರಿ, ಒಬ್ಬನೇ ಕೂತು, ಮನೆಯವರೆಲ್ಲ ಮಲಗಿದ ಮೇಲೆ, ಟಿವಿ ಸದ್ದು ತಗ್ಗಿಸಿ. ನನ್ನ ಆಯ್ಕೆಗೆ ಅರ್ಧ ಕಾರಣ ಈ ಅಭ್ಯಾಸವೇ.

‘ಕಂಜ್ಯೂರಿಂಗ್’ (2013) ನೋಡುವಾಗ ಆದ ಕಿರಿಕಿರಿ ಹೇಳಲೇಬೇಕು. ಅದರಲ್ಲಿ ಮಾತೆಲ್ಲ ಪಿಸುಪಿಸು. ಕೇಳಿಸಲಿ ಅಂತ ವಾಲ್ಯೂಮ್ ಏರಿಸಿದರೆ ಮುಂದಿನ ಕ್ಷಣ ಬಾಗಿಲು ಧಡಾರ್ ಅನ್ನುತ್ತದೆ, ಒಳಗಿನ ರೂಮಿನಿಂದ ‘ಏನದು ಸದ್ದು?’ ಅಂತ ಕೂಗು ಬರುತ್ತದೆ. ಇಳಿಸಿದರೆ ಮಾತು ಕೇಳಲ್ಲ. ಇಡೀ ಸಿನಿಮಾ ರಿಮೋಟ್ ಹಿಡಿದುಕೊಂಡೇ ಕೂರಬೇಕಾಯಿತು. ಗಮನವೆಲ್ಲ ವಾಲ್ಯೂಮ್ ಮೇಲೆ ಇದ್ದರೆ ಭಯ ಎಲ್ಲಿಂದ ಬರಬೇಕು?

ಟಿವಿಯಲ್ಲಿ ನೈಟ್ ಮೋಡ್ ಅಂತ ಒಂದು ಸೆಟ್ಟಿಂಗ್ ಇದೆ. ಸಣ್ಣ ಸದ್ದನ್ನು ಎತ್ತಿ, ದೊಡ್ಡ ಸದ್ದನ್ನು ಒತ್ತಿ, ಎರಡನ್ನೂ ಹತ್ತಿರಕ್ಕೆ ತರುತ್ತದೆ. ಹಾಕಿದೆ. ಮಾತು ಚೆನ್ನಾಗಿ ಕೇಳಿತು, ಸಿನಿಮಾ ಸಪ್ಪೆಯಾಯಿತು. ಯಾಕೆಂದರೆ ಬೆಚ್ಚಿಬೀಳುವುದು ಮೈ ಮಾಡುವ ಕೆಲಸ. ಮೆದುಳು ಯೋಚಿಸುವ ಮೊದಲೇ ಕಣ್ಣು ಮುಚ್ಚಿಕೊಳ್ಳುತ್ತದೆ, ಹೆಗಲು ಮೇಲೇರುತ್ತದೆ. ಅದಕ್ಕೆ ಸದ್ದು ಬರೀ ಜೋರಾಗಿದ್ದರೆ ಸಾಲದು, ನಿಶ್ಶಬ್ದದಿಂದ ದಿಢೀರನೆ ಏರಬೇಕು. ಆ ಅಂತರವನ್ನೇ ನೈಟ್ ಮೋಡ್ ತಿಂದುಹಾಕುತ್ತದೆ.

ಹೆಡ್‌ಫೋನ್ ಹಾಕಿಕೊಂಡರೆ ಈ ತೊಂದರೆ ಇಲ್ಲ. ಹಾಗೂ ನೋಡಿದೆ, ಚೆನ್ನಾಗಿ ಬೆಚ್ಚಿಸಿತು. ಆದರೆ ಅದೇ ಸದ್ದು ಮತ್ತೆ ಮತ್ತೆ ಕೇಳಿದರೆ ಮೈ ಒಗ್ಗಿಕೊಂಡುಬಿಡುತ್ತದೆ. ಮುಂದಿನ ಸಲ ನೋಡುವಾಗ ಎಲ್ಲಿ ಬಾಗಿಲು ಬಡಿಯುತ್ತದೆ ಅಂತ ಗೊತ್ತಿತ್ತು, ಅಲ್ಲಿಗೆ ಮುಗಿಯಿತು. ಒಂದು ಮಾತು ಮಾತ್ರ ನ್ಯಾಯವಾಗಿ ಹೇಳಬೇಕು. ಅದರಲ್ಲಿ ನನಗೆ ನಿಜವಾಗಿ ಭಯ ತಂದದ್ದು ಜೋರು ಸದ್ದಿನ ದೃಶ್ಯವೇ ಅಲ್ಲ. ದೆವ್ವ ಕಾಡುವ ಆ ಮನೆಯ ತಾಯಿ ಕತ್ತಲಲ್ಲಿ ಕಡ್ಡಿ ಗೀರಿದಾಗ ಅವಳ ಕಿವಿಯ ಪಕ್ಕ ಎರಡು ಕೈ ಬಂದು ಚಪ್ಪಾಳೆ ತಟ್ಟುತ್ತವಲ್ಲ, ಅದು. ಅಷ್ಟು ಸಣ್ಣ ಸದ್ದು ಸಾಕಾಯಿತು.

‘ಪ್ಯಾರಾನಾರ್ಮಲ್ ಆಕ್ಟಿವಿಟಿ’ಯನ್ನು ಓರೆನ್ ಪೆಲಿ ತನ್ನದೇ ಮನೆಯಲ್ಲಿ, ಸುಮಾರು 15,000 ಡಾಲರ್‌ನಲ್ಲಿ ತೆಗೆದದ್ದು. ಥಿಯೇಟರುಗಳಿಗೆ ದೊಡ್ಡದಾಗಿ ಬಂದದ್ದು 2009ರಲ್ಲಿ. ಬೆಡ್‌ರೂಮಿನಲ್ಲಿ ಅಲ್ಲಾಡದ ಒಂದು ಕ್ಯಾಮೆರಾ, ಪರದೆಯ ಮೂಲೆಯಲ್ಲಿ ರೆಕಾರ್ಡಿಂಗಿನ ಸಮಯ ತೋರಿಸುತ್ತ ವೇಗವಾಗಿ ಓಡುವ ಗಡಿಯಾರ. ಓಡುತ್ತಿದ್ದ ಗಡಿಯಾರ ಸಾಮಾನ್ಯ ವೇಗಕ್ಕೆ ಬಂದ ತಕ್ಷಣ ಎದೆ ಢವಢವ ಅನ್ನುತ್ತದೆ, ಏನೂ ಆಗದಿದ್ದರೂ. ಎಲ್ಲಿ ನೋಡಬೇಕು ಅಂತ ಯಾರೂ ತೋರಿಸುವುದಿಲ್ಲ, ಹಾಗಾಗಿ ಕಣ್ಣು ಬಾಗಿಲು, ಗೋಡೆ, ಹೊದಿಕೆ ಎಲ್ಲವನ್ನೂ ತಡಕುತ್ತದೆ. ರಾತ್ರಿ ಮಲಗುವಾಗ ಜಾಸ್ತಿ ಕಾಡಿದ್ದು ಇದೇ. ಆದರೆ ಹಗಲಿನ ದೃಶ್ಯಗಳು ನೀರಸ. ಕೆಡುಕು ಹತ್ತಿರ ಬರುವಾಗಿನ ಆಳದ ಗುಡುಗು ಟಿವಿಯ ಸಣ್ಣ ಸ್ಪೀಕರಿನಲ್ಲಿ ಸರಿಯಾಗಿ ಬರುವುದೂ ಇಲ್ಲ. ಫೋನಿನಲ್ಲಂತೂ ನೋಡಲೇಬೇಡಿ.

ಇನ್ನು ‘ರಿಂಗು’. ಒಂದು ವಿಡಿಯೊ ಟೇಪು. ನೋಡಿದವರಿಗೆ ಫೋನ್ ಬರುತ್ತದೆ, ಏಳು ದಿನಕ್ಕೆ ಸಾವು. ಇಷ್ಟು ಗೊತ್ತಾದ ಮೇಲೆ ಸಿನಿಮಾ ಏನನ್ನೂ ಬಡಿಯಬೇಕಿಲ್ಲ, ಕಿರುಚಬೇಕಿಲ್ಲ. ದಿನಗಳು ಕಳೆದರೆ ಸಾಕು. ಸದ್ದು ತಗ್ಗಿಸಿ ನೋಡಿದರೂ ಭಯ ಒಂದಿಷ್ಟೂ ತಗ್ಗಲಿಲ್ಲ.

ಆ ಟೇಪಿನ ದೆವ್ವ ಸಡಾಕೊ ಬಾವಿಯಿಂದ ಎದ್ದು ನಡೆದು ಬರುವ ದೃಶ್ಯಕ್ಕೆ ನಟಿಯನ್ನು ಹಿಂದಕ್ಕೆ ನಡೆಸಿ, ಆ ಚಿತ್ರಣವನ್ನು ತಿರುಗಿಸಿ ಓಡಿಸಿದ್ದಾರೆ. ಕಾಲು ಮನುಷ್ಯರದ್ದೇ, ಹೆಜ್ಜೆಯೂ ಮುಂದಕ್ಕೇ ಬರುತ್ತದೆ. ಆದರೂ ಏನೋ ಸರಿಯಿಲ್ಲ ಅನ್ನಿಸುತ್ತದೆ. ಏನು ಅಂತ ಹೇಳಲು ಆಗುವುದಿಲ್ಲ. ಈ ಗುಟ್ಟು ಗೊತ್ತಾದ ಮೇಲೂ ಆ ನಡಿಗೆ ಕಂಡರೆ ನನಗೆ ಮೈ ಜುಮ್ಮೆನ್ನುತ್ತದೆ. ಮುಖವನ್ನು ಕೂದಲು ಮುಚ್ಚಿಬಿಟ್ಟಿದೆ. ಮುಖ ಕಂಡರೆ ಸಿಟ್ಟೋ ದುಃಖವೋ ತಿಳಿಯುತ್ತಿತ್ತು, ಎದುರಿಗಿರುವುದು ಏನು ಬಯಸುತ್ತಿದೆ ಅಂತ ಊಹಿಸಬಹುದಿತ್ತು. ಆ ದಾರಿಯನ್ನೇ ಮುಚ್ಚಿದ್ದಾರೆ. ಮೇಲಾಗಿ ಅವಳು ಹೊರಬರುವುದು ಟಿವಿಯಿಂದ. ನಾವು ಕೂತು ನೋಡುತ್ತಿರುವುದೂ ಟಿವಿಯನ್ನೇ ಅಲ್ವಾ?

ದೆವ್ವಕ್ಕಿಂತ ಜಾಸ್ತಿ ನನ್ನನ್ನು ಕಾಡಿದ್ದು ಕೊನೆಯಲ್ಲಿ ತಾಯಿಯೊಬ್ಬಳು ಮಗನಿಗಾಗಿ ಮಾಡಲು ಹೊರಡುವ ಕೆಲಸ. ಏನದು ಅಂತ ಹೇಳುವುದಿಲ್ಲ. ಅವಳ ಜಾಗದಲ್ಲಿ ನಾನಿದ್ದರೂ ಅದನ್ನೇ ಮಾಡುತ್ತಿದ್ದೆನೇನೋ ಅನ್ನಿಸುತ್ತದೆ. ಅಂಥ ಭಯಕ್ಕೆ ಮೈ ಒಗ್ಗುವುದಿಲ್ಲ.

ರಿಮೇಕ್ (2002) ಕೆಟ್ಟದ್ದಲ್ಲ. ದೋಣಿಯ ಮೇಲೆ ಕುದುರೆ ಹುಚ್ಚೆದ್ದು ನೀರಿಗೆ ಹಾರುವ ದೃಶ್ಯ ಮೂಲದಲ್ಲಿಲ್ಲ, ಅದ್ಭುತವಾಗಿದೆ. ಆದರೆ ಅಲ್ಲಿ ಸತ್ತವರ ಮುಖವನ್ನು ವಿಕಾರ ಮಾಡಿ ಗಕ್ಕನೆ ತೋರಿಸುತ್ತಾರೆ, ದೆವ್ವದ ಮುಖವನ್ನೂ ತೋರಿಸುತ್ತಾರೆ. ನೋಡಿದ ಮೇಲೆ ನನ್ನ ಭಯ ಇಳಿಯಿತು. ಶಾರ್ಕ್ ಮೀನಿನ ಸಿನಿಮಾ ‘ಜಾಸ್’ (1975) ತೆಗೆಯುವಾಗ ಶಾರ್ಕಿನ ಆಕಾರದ ಯಂತ್ರ ಕಡಲ ನೀರಿನಲ್ಲಿ ಪದೇ ಪದೇ ಕೆಟ್ಟು, ಶಾರ್ಕನ್ನು ಆದಷ್ಟು ಮರೆಯಲ್ಲೇ ಇಟ್ಟರು. ಆ ಸಿನಿಮಾ ಇವತ್ತಿಗೂ ಹೆದರಿಸುವುದು ಅದರಿಂದಲೇ.

ನಾಲ್ಕು ಜನ ಸೇರಿ, ಸದ್ದು ಜೋರು ಮಾಡಿ ನೋಡುವವರಾದರೆ ‘ಕಂಜ್ಯೂರಿಂಗ್’ ತಗೊಳ್ಳಿ, ಕೊಳ್ಳುವುದು ಬೇಡ, ಬಾಡಿಗೆಗೆ ಸಾಕು. ನನ್ನ ಹಾಗೆ ರಾತ್ರಿ ಒಬ್ಬರೇ ಕೂರುವವರು ‘ರಿಂಗು’ ಕೊಂಡೇ ಇಟ್ಟುಕೊಳ್ಳಿ, ಮತ್ತೆ ನೋಡುತ್ತೀರಿ. ಡಬ್ಬಿಂಗ್ ಬೇಡ, ಜಪಾನೀ ಮಾತಿಗೆ ಸಬ್‌ಟೈಟಲ್ ಹಾಕಿಕೊಳ್ಳಿ. ಸದ್ದು ಎಷ್ಟು ಇಳಿಸಿದರೂ ಮಾತು ತಪ್ಪುವುದಿಲ್ಲ. ಓದಬೇಕಲ್ಲ, ಹೆದರಿಕೆಯಾದಾಗ ಕಣ್ಣು ಬೇರೆ ಕಡೆ ತಿರುಗಿಸಲೂ ಆಗುವುದಿಲ್ಲ.